ಒಂದು ಭಾನುವಾರಕ್ಕೆ ಒಂದು ಗುರುವಾರ

ರೀ,

ನಿಮ್ಮ ಟೀಮು ಕೊನೆಗೂ ಅವನನ್ನು ಬೇರೆ ಟೀಮಿಗೆ ಕೊಟ್ಟುಬಿಟ್ಟಿತು. ಅದೇ, ನಿಮ್ಮ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದರೆ ಸೂಜಿಗೆ ದಾರ ಪೋಣಿಸಿದ ಹಾಗೆ ಎಂದು ನೀವು ಹೊಗಳುತ್ತಿದ್ದವನು. ಐಸಿಯುವಿನಿಂದ ಕೊನೆಯ ಸಲ ವಿಡಿಯೋದಲ್ಲಿ ಬಂದಾಗ, ಮಾತಿಗೊಂದು ಉಸಿರೆಳೆಯುತ್ತಾ, "ಮಾರ್ಚ್‌ನಲ್ಲಿ ಯಾರನ್ನ ಕೊಡ್ತಾರೆ ನೋಡ್ಕೊಂಡು ನಂಗೆ ಹೇಳು ಪುಟ್ಟಿ" ಎಂದು ಇಂಚರಳಿಗೆ ಹೇಳಿದಿರಲ್ಲ? ಹನ್ನೊಂದು ವರ್ಷದ ಮಗಳಿಗೆ ಹೇಳಲು ಆಗಲೂ ಆ ಹಾಳು ಅಮೆರಿಕನ್ ಫುಟ್‌ಬಾಲೇ ಬೇಕಾಯಿತೇ ನಿಮಗೆ? ಇರಲಿ. ಕೇಳಿದ್ದಿರಿ, ಹೇಳುತ್ತಿದ್ದೇನೆ. ಅವಳು ಹೇಳಬೇಕಾದ ಸುದ್ದಿಯನ್ನು ನಾನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನೀವು ಹೋದ ಮೇಲೆ ಅವಳೂ ನನ್ನ ಕೈಜಾರಿ ಹೋಗುತ್ತಿದ್ದಳು. ನಾನು ಹಿಡಿದುಕೊಂಡಿದ್ದು ನಿಮ್ಮ ಆ ಆಟವನ್ನೇ.

ನಾನು ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಭಾನುವಾರ ನೆನಪಿದೆಯೇ? ದೇಶದ ಪಶ್ಚಿಮ ತುದಿಯ ಆ ಸಣ್ಣ ಊರು, ಆಸ್ಪತ್ರೆಯ ಕ್ವಾರ್ಟರ್ಸು, ಕಿಟಕಿ ಅಲ್ಲಾಡಿಸುವ ಗಾಳಿ. ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ತೋರಿಸಿದ್ದು, ಹೆಲ್ಮೆಟ್ ಹಾಕಿದ ಗೂಳಿಗಳು ಒಬ್ಬರ ಮೇಲೊಬ್ಬರು ಬೀಳುವುದನ್ನು. ಅಮೆರಿಕದಲ್ಲಿ ಕೆಲವು ಕಾಲ ಇದ್ದು ಬಂದಿದ್ದ ಆಸ್ಪತ್ರೆಯ ಪೋರ್ಟರ್ ಒಬ್ಬ ನಿಮಗೆ ಈ ಹುಚ್ಚು ಹತ್ತಿಸಿದ್ದನಂತೆ. ಮೈಸೂರಿನ ಹುಡುಗನಿಗೆ ಕ್ರಿಕೆಟ್ ಸಾಲದೇ ಎಂದು ನಾನು ಮುಖ ಊದಿಸಿಕೊಂಡಿದ್ದೆ. ಹಿಡಿದುಕೊಂಡಿದ್ದಾದರೂ ಎಂಥ ಟೀಮು, ವರ್ಷವರ್ಷವೂ ಸೋಲುವಂಥದ್ದು.

"ಹಿಡ್ಕೊಳ್ಳೋದೇ ಆದ್ರೆ ಗೆಲ್ಲೋ ಟೀಮ್ ಹಿಡ್ಕೋಬಾರ್ದಾ?" ಎಂದು ಕೇಳಿದ್ದೆ.

"ಗೆಲ್ಲೋರಿಗೆ ನಾನ್ಯಾಕೆ ಬೇಕು?" ಎಂದು ನಕ್ಕಿರಿ. ನೋವಿನವರ ಪಕ್ಕದಲ್ಲೇ ಕೂರುವ ಅರಿವಳಿಕೆ ಡಾಕ್ಟರ ಬಾಯಲ್ಲಿ ಬರುವ ಮಾತೇ ಅದು!

ಆಮೇಲೆ ಸಿಟಿವೆಸ್ಟ್‌ನ ಈ ಮನೆಗೆ ಬಂದೆವು, ಇಂಚರ ದೊಡ್ಡವಳಾದಳು, ಭಾನುವಾರದ ದೋಸೆಯ ಜೊತೆಗೆ ನಿಮ್ಮಿಬ್ಬರ ಇನ್ನೊಂದು ಆಟ ಶುರುವಾಯಿತು. ನಾನು ದೋಸೆ ಹುಯ್ಯುತ್ತಿದ್ದರೆ ನೀವು ಟೀಮಿನ ಹಳೆಯ ಟ್ರೇಡೊಂದನ್ನು ಎತ್ತುತ್ತಿದ್ದಿರಿ. ಟ್ರೇಡ್ ಎಂದರೆ ಏನೆಂದು ನನಗೆ ತಿಳಿಯಲು ವರ್ಷಗಳೇ ಹಿಡಿದವು. ಕೈಯಲ್ಲಿರುವ ಆಟಗಾರನನ್ನು ಬೇರೆ ಟೀಮಿಗೆ ಕೊಡುವುದು, ಬದಲಿಗೆ ಅವರ ಆಟಗಾರನನ್ನೋ, ಮುಂದಿನ ವರ್ಷ ಕಾಲೇಜು ಮುಗಿಸಿ ಬರುವ ಹುಡುಗರಲ್ಲಿ ಒಬ್ಬನನ್ನು ಮೊದಲು ಆರಿಸಿಕೊಳ್ಳುವ ಸರದಿಯನ್ನೋ ತೆಗೆದುಕೊಳ್ಳುವುದು. "ಹತ್ತಕ್ಕೆ ಎಷ್ಟು?" ಎಂದು ನೀವು ಕೇಳಬೇಕು, ಅವಳು ಮಾರ್ಕ್ಸ್ ಕೊಡಬೇಕು, ಆಮೇಲೆ ದೋಸೆ ಆರಿ ಚರ್ಮವಾಗುವವರೆಗೂ ಇಬ್ಬರೂ ಜಗಳವಾಡಬೇಕು.

ಆ ಮಂಡಿ ಮುರಿದ ಓಟಗಾರನ ಜಗಳವಂತೂ ನನಗೂ ಬಾಯಿಪಾಠವಾಗಿದೆ. ಅವಳು ಹುಟ್ಟುವ ಮುಂಚೆಯೇ ನಿಮ್ಮ ಟೀಮು ಅವನನ್ನು ಯಾರಿಗೋ ಕೊಟ್ಟಿತ್ತು. ಅವನು ಅಲ್ಲಿ ಹೋಗಿ ಕುದುರೆಯಂತೆ ಓಡಿ ಕಪ್ ಗೆದ್ದುಕೊಟ್ಟ. ಇಂಚರ ಎರಡು ಮಾರ್ಕ್ಸ್ ಎಂದಳು. ನೀವು ಏಳು ಎಂದಿರಿ. "ಇವತ್ತು ಕೂತ್ಕೊಂಡು ಹೇಳೋಕೆ ಎಲ್ರೂ ಜಾಣ್ರೇ. ಅವನ ಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ಅವತ್ತು ಅವರಿಗೆ ಏನು ಗೊತ್ತಿತ್ತೋ ಅಷ್ಟಕ್ಕೆ ಮಾರ್ಕ್ಸ್ ಕೊಡ್ಬೇಕು. ಆಮೇಲೆ ಆಗಿದ್ದಕ್ಕೆ ಕೊಟ್ರೆ ಅದೃಷ್ಟಕ್ಕೆ ಕೊಟ್ಟಂಗೆ." ಅವಳು ಕಡ್ಡಿ ಮುರಿದಂತೆ, "ರಿಸಲ್ಟ್ ಈಸ್ ರಿಸಲ್ಟ್, ಡ್ಯಾಡ್" ಎಂದಳು. ಇನ್ನೊಂದು ವರ್ಷ, ವಯಸ್ಸಾದ ಆಟಗಾರನೊಬ್ಬನನ್ನು ದುಬಾರಿಗೆ ತಂದು ಟೀಮು ಹೇಗೋ ನಾಲ್ಕು ಪಂದ್ಯ ಗೆದ್ದಾಗ ಅವಳದು ಒಂಬತ್ತು, ನಿಮ್ಮದು ನಾಲ್ಕು. ನೀವಿಬ್ಬರೂ ಒಪ್ಪಿ ಹತ್ತಕ್ಕೆ ಹತ್ತು ಕೊಟ್ಟಿದ್ದು ಈ ಕ್ವಾರ್ಟರ್‌ಬ್ಯಾಕನ್ನು ತಂದ ಟ್ರೇಡಿಗೆ ಮಾತ್ರ.

ಈ ಜನವರಿಯ ಆ ವಾರ… ಹೇಗೆ ಬರೆಯಲಿ? ಇಂಚರ ಹುಟ್ಟಿದ ಮೇಲೆ ಮೊದಲ ಸಲ ನಿಮ್ಮ ಟೀಮು ನಾಕೌಟ್ ತಲುಪಿತ್ತು. ಪಂದ್ಯ ಭಾನುವಾರ ಸಂಜೆ, ನಿಮಗೆ ಅದೇ ಹೊತ್ತಿಗೆ ಡ್ಯೂಟಿ. ಕ್ರಿಸ್ಮಸ್ ಮುಗಿದಿದ್ದೇ ತಡ ಕೊರೊನಾ ಮತ್ತೆ ಎದ್ದಿತ್ತು, ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ, ನಿಮ್ಮ ಮುಖದ ಮೇಲೆ ಮಾಸ್ಕಿನ ಗೆರೆ ಅಳಿಸುತ್ತಲೇ ಇರಲಿಲ್ಲ. ಲಸಿಕೆಯ ಮೊದಲ ಡೋಸ್ ತೆಗೆದುಕೊಂಡು ವಾರವೂ ಆಗಿರಲಿಲ್ಲ. ನೀವು ನಿಮ್ಮ ವಾರ್ಡಿನ ಇನ್ನೊಬ್ಬ ಡಾಕ್ಟರು ಶ್ರೀಧರನ ಜೊತೆ ಡ್ಯೂಟಿ ಬದಲಾಯಿಸಿಕೊಂಡಿರಿ. ನಿಮ್ಮ ಭಾನುವಾರ ಅವನಿಗೆ, ಅವನ ಗುರುವಾರ ನಿಮಗೆ. ಅಪ್ಪ ಮಗಳು ಆ ಮಾಸಿದ ಟೀ ಶರ್ಟುಗಳಲ್ಲಿ ಸೋಫಾ ಮೇಲೆ ಕುಣಿದಿದ್ದೇ ಕುಣಿದಿದ್ದು. ನಾನು ಬೋಂಡ ಕರಿಯುತ್ತಾ ಪಕ್ಕದ ಮನೆಯವರು ಗಾರ್ಡಾ ಪೊಲೀಸರಿಗೆ ಫೋನ್ ಮಾಡುತ್ತಾರೆ ಎಂದು ಗೊಣಗಿದೆ. ಟೀಮು ಕೊನೇ ಗಳಿಗೆಯಲ್ಲಿ ಸೋತಿತು, ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ.

ಆ ಗುರುವಾರ ಡ್ಯೂಟಿ ಮುಗಿಸಿ ಬಂದಿರಿ. ಮುಂದಿನ ವಾರ ಜ್ವರ. ಆಮೇಲೆ ಆಂಬುಲೆನ್ಸ್. ಬೇರೆಯವರ ಗಂಟಲಿಗೆ ಟ್ಯೂಬ್ ಹಾಕುತ್ತಿದ್ದವರ ಗಂಟಲಿಗೆ ನಿಮ್ಮ ಜೊತೆಯವರೇ ಟ್ಯೂಬ್ ಹಾಕಿದರು. ನಮ್ಮನ್ನು ಒಳಗೆ ಬಿಡಲಿಲ್ಲ. ಬೆರಳೆಣಿಕೆಯ ಜನ ನಿಂತು ನಿಮ್ಮನ್ನು ಕಳಿಸಿದೆವು, ಅತ್ತೆ ಮೈಸೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಸರಿಯಾಗಿ ಕಾಣಿಸುತ್ತಿಲ್ಲ, ಮುಖ ಕಾಣಿಸುತ್ತಿಲ್ಲ ಎಂದು ಅಳುತ್ತಿದ್ದರು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅದಾದ ಮೇಲೆ ಇಂಚರಳ ಬಾಯಲ್ಲಿ ಉಳಿದಿದ್ದು ಒಂದೇ ಮಾತು, ಗ್ರ್ಯಾಂಡ್. ಊಟ ಮಾಡ್ತೀಯಾ ಎಂದರೆ "ಐಮ್ ಗ್ರ್ಯಾಂಡ್." ನಿದ್ದೆ ಬಂತಾ ಎಂದರೆ "ಗ್ರ್ಯಾಂಡ್." ಅಪ್ಪನ ನೆನಪಾಗ್ತಿದ್ಯಾ ಎಂದರೂ "ಗ್ರ್ಯಾಂಡ್, ಮಮ್." ಚೆನ್ನಾಗಿದ್ದೇನೆ ಎನ್ನಲು ಈ ದೇಶದವರು ಬಳಸುವ ಆ ಒಂದು ಪದ ನನ್ನ ಮುಖಕ್ಕೆ ಬಾಗಿಲು ಹಾಕಿದಂತೆ ಕೇಳುತ್ತಿತ್ತು. ಶಾಲೆ ಮುಚ್ಚಿತ್ತು, ಸ್ಕ್ರೀನಿನಲ್ಲಿ ಪಾಠ ನಡೆಯುವಾಗ ಕ್ಯಾಮೆರಾ ಆಫ್ ಮಾಡಿ ಗೋಡೆ ನೋಡುತ್ತಾ ಕೂರುತ್ತಿದ್ದಳು. ತಟ್ಟೆ ಹೋದಂತೆಯೇ ವಾಪಸ್ ಬರುತ್ತಿತ್ತು. ಅವಳ ಕೊರಳ ಮೂಳೆ ಎದ್ದು ಕಾಣತೊಡಗಿತು. ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಬಾಯಿಗೆ ಟವೆಲ್ ತುರುಕಿಕೊಂಡು ಅಳುತ್ತಿದ್ದೆ. ಏನು ಮಾಡಬೇಕಿತ್ತು ಹೇಳಿ? ಯಾರ ಮನೆಗೆ ಕರೆದುಕೊಂಡು ಹೋಗಲಿ? ಮನೆಯಿಂದ ದೂರ ಹೋಗುವ ಹಾಗಿಲ್ಲ, ಯಾರೂ ಒಳಗೆ ಬರುವ ಹಾಗಿಲ್ಲ.

ಒಂದು ಮಧ್ಯಾಹ್ನ ಶ್ರೀಧರ ತರಕಾರಿ ತಂದು ಗೇಟಿನ ಹತ್ತಿರ ಇಟ್ಟ. ನೀವು ತಮ್ಮನಂತೆ ನೋಡಿಕೊಂಡ ದಾವಣಗೆರೆಯ ಹುಡುಗ, ನೀವು ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ, ಅಷ್ಟು ಇಳಿದುಹೋಗಿದ್ದಾನೆ. ಕಾರಿನಿಂದ ಗೇಟಿಗೆ ನಡೆಯುವಷ್ಟರಲ್ಲಿ ಏದುಸಿರು. ಮೇಲಿನ ಕಿಟಕಿ ತೆರೆಯಿತು. ವಾರಗಳಿಂದ ಬಾಯಿ ಬಿಡದಿದ್ದ ಮಗಳು ಅಲ್ಲಿಂದಲೇ ಕೇಳಿದಳು, ಆ ಗುರುವಾರ ವಾರ್ಡಿನಲ್ಲಿ ಎಷ್ಟು ಜನ ಇದ್ದರು ಎಂದು. ಅವನು ತಬ್ಬಿಬ್ಬಾದ. ಆಟಕ್ಕೆಂದು ಬದಲಾಯಿಸಿಕೊಂಡ ಆ ಗುರುವಾರವನ್ನೇ ಮಗು ನುಂಗಿಕೊಂಡು ಕೂತಿದೆ ಎಂದು ನನಗೆ ಆಗ ಅರ್ಥವಾಯಿತು.

ಮರುದಿನ ಶ್ರೀಧರನಿಗೆ ಫೋನ್ ಮಾಡಿ ಬೇಡಿಕೊಂಡೆ. "ಗುರುವಾರ ನೀವೇ ರಜ ಕೇಳಿದ್ದು ಅಂತ ಹೇಳ್ಬಿಡಿ. ಮಗು ಉಳ್ಕೊಳ್ಳುತ್ತೆ." ಅವನು, "ಅಕ್ಕ, ಅದು…" ಎಂದು ಎಳೆದ. ಆದರೂ ಬಂದ ಪಾಪ. ಗೇಟಿನಾಚೆ ನಿಂತು, ಮಾಸ್ಕ್ ಸರಿಮಾಡಿಕೊಳ್ಳುತ್ತಾ, "ಇಂಚರ, ಗುರುವಾರ ಮನೆಯಲ್ಲಿ ಕೆಲ್ಸ ಐತೆ ಅಂತ ನಾನೇ ಅಪ್ಪನ್ನ ಕೇಳಿದ್ದು ಪುಟ್ಟ" ಎಂದ.

"ನೋ, ಯೂ ಡಿಡಂಟ್." ಅವಳು ಮುಂದೆ ಹೇಳಿದ್ದೂ ಇಂಗ್ಲಿಷಿನಲ್ಲೇ, ನಾನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. "ಅಪ್ಪ ನಿಮಗೆ ಅಡುಗೆಮನೆಯಿಂದ ಫೋನ್ ಮಾಡಿದ್ರು. ನಾನು ಅಲ್ಲೇ ಕಟ್ಟೆ ಮೇಲೆ ಕೂತಿದ್ದೆ. ಏನು ಕೊಟ್ರೆ ಒಪ್ತಾನೆ ಅಂತ ನನ್ನನ್ನ ಕೇಳಿದ್ರು. ಗುರುವಾರ ತಗೊಳ್ಳಿ, ಜೊತೆಗೆ ಚಕ್ಕುಲಿ ಡಬ್ಬ ಸೇರಿಸಿ ಅಂತ ನಾನೇ ಹೇಳಿದ್ದು. ಈ ಟ್ರೇಡ್ ಮಾಡಿಸಿದ್ದೇ ನಾನು."

ಕ್ರಿಸ್ಮಸ್ ರಜೆಯಲ್ಲಿ ನಾನು ಒತ್ತಿದ ಚಕ್ಕುಲಿ ರೀ. ಒಂದು ಡಬ್ಬ ಎಲ್ಲಿ ಹೋಯಿತು ಎಂದು ಹುಡುಕಾಡಿದ್ದೆ. ಆ ದಿನದಿಂದ ಅವಳು ಗ್ರ್ಯಾಂಡ್ ಎನ್ನುವುದನ್ನೂ ನಿಲ್ಲಿಸಿದಳು. ಅಮ್ಮನೂ ಸುಳ್ಳು ಹೇಳಿಸುತ್ತಾಳೆ ಎಂದಾದ ಮೇಲೆ ಇನ್ನು ಯಾರನ್ನು ನಂಬುತ್ತಾಳೆ? ನಿಮ್ಮ ಮೇಲೆ ನನಗೆ ಎಂಥ ಸಿಟ್ಟು ಬಂತು ಗೊತ್ತೇ? ಒಂದು ಆಟ ನೋಡದಿದ್ದರೆ ಏನಾಗುತ್ತಿತ್ತು? ಮಗುವಿನ ಹತ್ತಿರ ಸಲಹೆ ಕೇಳುವ ದರ್ದು ಏನಿತ್ತು? ನಿಮ್ಮ ಫೋಟೋವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಮೊನ್ನೆ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಮಹಡಿಯಿಂದ ಧಡಧಡ ಸದ್ದು. ಇಂಚರ ಟ್ಯಾಬ್ ಹಿಡಿದುಕೊಂಡು, "ಡ್ಯಾಡ್! ಡ್ಯಾಡ್! ದೇ ಟ್ರೇಡೆಡ್ ಹಿಮ್!" ಎಂದು ಕೂಗುತ್ತಾ ಮೆಟ್ಟಿಲಿಳಿದು ಬಂದಳು. ಕೊನೇ ಮೆಟ್ಟಿಲಿನಲ್ಲಿ ಸೋಫಾ ಕಂಡಿತು. ನಿಂತುಬಿಟ್ಟಳು. ರೀ, ಆ ಮುಖವನ್ನು ದೇವರು ಯಾವ ತಾಯಿಗೂ ತೋರಿಸದಿರಲಿ. ನಾನು ಯಾರಿಗೂ ಹೇಳದೆ ಕಾಲ್ ಕಟ್ ಮಾಡಿದೆ.

"ನಂಗೆ ಹೇಳು" ಎಂದೆ.

"ಯೂ ಡೋಂಟ್ ಈವನ್ ಲೈಕ್ ಇಟ್."

"ಇಷ್ಟ ಇಲ್ಲ. ಆದ್ರೂ ಹೇಳು. ಅವನನ್ನ ಕೊಟ್ಟು ಏನು ತಗೊಂಡ್ರು?"

ಟ್ಯಾಬ್ ನೋಡಿಕೊಂಡು ಹೇಳಿದಳು. ಹೊಸ ಹುಡುಗರನ್ನು ಆರಿಸುವ ಎರಡು ಮೊದಲ ಸರದಿ, ಮತ್ತೆ ಹೆಸರೇ ಕೇಳಿರದ ಒಬ್ಬ ಹುಡುಗ. ಹತ್ತಕ್ಕೆ ಎಷ್ಟು ಎಂದೆ. ಸೊನ್ನೆ ಎಂದಳು. ಅಪ್ಪ ಎಷ್ಟು ಕೊಡ್ತಿದ್ರು ಎಂದೆ. ಉಗುರು ಕಚ್ಚುತ್ತಾ ನಿಂತಳು. "ಅಪ್ಪ ಎಂಟು ಅಂತಿದ್ರು. ಅವನ ಭುಜ ಹೋಗಿದೆ, ವಯಸ್ಸಾಗಿದೆ, ಇದು ಈಗಲೇ ಗೊತ್ತಿರೋ ವಿಷಯ ಅಂತಿದ್ರು." ಟ್ಯಾಬನ್ನು ಮೆಟ್ಟಿಲ ಮೇಲೆ ಇಟ್ಟಳು. "ಹಾಗಾದ್ರೆ ಅಪ್ಪನ ಟ್ರೇಡಿಗೆ? ಅದು ಸೊನ್ನೆ, ಮಮ್. ರಿಸಲ್ಟ್ ಈಸ್ ರಿಸಲ್ಟ್."

ಆಟದ ತಲೆಬುಡ ಗೊತ್ತಿಲ್ಲದವಳು ನಾನು, ನಿಮ್ಮ ಕಡೆಯಿಂದ ವಾದ ಮಾಡಬೇಕಿತ್ತು. "ಅವತ್ತು ಅಪ್ಪಂಗೆ ಏನು ಗೊತ್ತಿತ್ತು?" ಎಂದೆ.

"ಗುರುವಾರ ವಾರ್ಡ್ ತುಂಬಿರುತ್ತೆ ಅಂತ ಗೊತ್ತಿತ್ತು."

"ಭಾನುವಾರ?"

"ಅವತ್ತೂ ತುಂಬಿರುತ್ತಿತ್ತು."

"ಆ ಭಾನುವಾರ ಯಾರು ಹೋದ್ರು?"

"ಶ್ರೀಧರ್ ಅಂಕಲ್."

"ಅವರಿಗೇನಾಯ್ತು? ನೀನೇ ನೋಡಿದ್ಯಲ್ಲ, ಗೇಟಿನ ಹತ್ರ ಹೇಗೆ ಏದುಸಿರು ಬಿಡ್ತಿದ್ರು. ಅವರಿಗೂ ಬಂದಿತ್ತು ಪುಟ್ಟಿ. ಅಪ್ಪ ಮಲಗಿದ್ದಾಗಲೇ ಅವರೂ ಮಲಗಿದ್ರು. ಅವರು ಎದ್ದು ಬಂದ್ರು."

ಈ ನಿಜ ಅಂಗೈಯಲ್ಲೇ ಇದ್ದರೂ ನಾನು ಹೋಗಿ ಸುಳ್ಳನ್ನು ಬೇಡಿದ್ದೆನಲ್ಲ ರೀ. ಇಂಚರ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಆ ಟ್ರೇಡಿನಲ್ಲಿ ಅಪ್ಪ ಕೇಳಿದ್ದು ಅವರಿಗೆ ಸಿಕ್ಕಿತೇ ಎಂದು ಅವಳೇ ಕೇಳಿದಳು. ಸಿಕ್ಕಿತು ಎಂದೆ. ನೀವು ಸೋಫಾದಿಂದ ಜಾರಿ ಬಿದ್ದಿದ್ದು, ಬೋಂಡದ ತಟ್ಟೆ ಕವುಚಿಕೊಂಡಿದ್ದು, ಸೋತ ಮೇಲೂ ಇವಳನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದು, ಒಂದೊಂದನ್ನೂ ಹೇಳಿದೆ. ಅವಳು ಮೊಣಕಾಲಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತಳು. ನೀವು ಹೋದ ಮೇಲೆ ಮೊದಲ ಸಲ, ಜೋರಾಗಿ, ಚಿಕ್ಕ ಮಕ್ಕಳು ಅಳುವ ಹಾಗೆ. ಕೊನೆಗೆ ಮೂಗು ಒರೆಸಿಕೊಂಡು ಮಾರ್ಕ್ಸ್ ಕೊಟ್ಟಳು.

"ಅವತ್ತಿನ ಲೆಕ್ಕಕ್ಕೆ ಒಂಬತ್ತು. ಚಕ್ಕುಲಿ ಕೊಡ್ಬಾರ್ದಿತ್ತು, ಅದಕ್ಕೆ ಒಂದು ಕಟ್."

ಇಬ್ಬರಿಗೂ ನಗು ಬಂತು, ನಿಲ್ಲಿಸಲಾಗದ ಕೆಟ್ಟ ನಗು. ಆಮೇಲೆ ಅವಳು ಎರಡು ದೋಸೆ ತಿಂದಳು. ಈ ಸುದ್ದಿಯನ್ನು ನಿಮಗೆ ತಲುಪಿಸದೆ ನನಗೆ ನಿದ್ದೆ ಬರುವುದಿಲ್ಲ.

ಆದರೆ ಒಂದು ಮಾತು ಕೇಳಿ. ಅವಳನ್ನು ನಿಮ್ಮ ನಿಯಮ ಹೇಳಿ ಒಪ್ಪಿಸಿದ್ದೇನೆ, ನಾನು ಒಪ್ಪಿಲ್ಲ. ಹತ್ತು ಸಲ ಕೇಳಿದರೂ ನನ್ನದು ಸೊನ್ನೆಯೇ. ಒಂದು ಸಂಜೆ ತೆಗೆದುಕೊಂಡು ನಿಮ್ಮನ್ನು ಕೊಡುವುದು ಯಾವ ಊರಿನ ವ್ಯಾಪಾರ? ನೀವಿದ್ದಿದ್ದರೆ ನನ್ನ ಜೊತೆ ವಾದಕ್ಕೆ ಕೂರುತ್ತಿದ್ದಿರಿ, ಅವತ್ತು ಏನು ಗೊತ್ತಿತ್ತು ಎನ್ನುತ್ತಿದ್ದಿರಿ, ನಾನು ಸೌಟು ಹಿಡಿದುಕೊಂಡು… ಬೇಡ ಬಿಡಿ. ಇದನ್ನು ಇಂಚರಳಿಗೆ ಯಾವತ್ತೂ ಹೇಳುವುದಿಲ್ಲ, ಅಷ್ಟು ಮಾತ್ರ ಮಾತು ಕೊಡುತ್ತೇನೆ. ಫೋಟೋ ಈ ಕಡೆ ತಿರುಗಿಸಿದ್ದೇನೆ. ಸೆಪ್ಟೆಂಬರಿನಲ್ಲಿ ಆಟ ಶುರುವಾದಾಗ ನಿಮ್ಮ ಟೀ ಶರ್ಟು ಹಾಕಿಕೊಂಡು ಸೋಫಾದಲ್ಲಿ ನಿಮ್ಮ ಜಾಗದಲ್ಲಿ ಕೂರುತ್ತೇನೆ. ಅವಳು ಕೂಗಿದರೆ ನಾನೂ ಕೂಗುತ್ತೇನೆ, ಪಕ್ಕದ ಮನೆಯವರು ಯಾರಿಗಾದರೂ ಫೋನ್ ಮಾಡಿಕೊಳ್ಳಲಿ. ಟೀಮು ಗೆದ್ದರೂ ಸೋತರೂ ಬೈಯುವುದು ಮಾತ್ರ ನಿಮ್ಮನ್ನೇ.

ನಿಮ್ಮ
ಸುಮ