ಪಂಚನಹಳ್ಳಿಯಲ್ಲಿ ಹಗ್ಗದ ಮಿಷನ್ ತಿರುಗಿದ್ದು

ಪಂಚನಹಳ್ಳಿ, ಕಡೂರು ತಾಲ್ಲೂಕು
6-9-2025

ಪ್ರೀತಿಯ ರಾಜಶೇಖರ್ ಅವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗಡಿಯ ಆ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ನಿಲ್ಲಬೇಡಿ ಎಂದು ಅತ್ತೆ ಹೇಳಿಸಿದ್ದಾರೆ. ನಾವೆಲ್ಲ ಕ್ಷೇಮ. ಫೋನು ಎರಡು ಮಾತಿಗೇ ಕಟ್ ಆಗುತ್ತದೆ, ಈ ಸುದ್ದಿ ಎರಡು ಮಾತಿನದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಭವ್ಯಳ ಸಮಾಜ ಪಾಠದಲ್ಲಿ ಒಂದು ಪ್ರಶ್ನೆ ಬಂತಂತೆ, ಕೈಗಾರಿಕೆ ಮೊದಲು ಹೇಗೆ, ಏಕೆ ಶುರುವಾಯಿತು ಅಂತ. ಫ್ಯಾಕ್ಟರಿಗಳು ಬರುವ ಮೊದಲು ಇಂಗ್ಲೆಂಡಿನ ವರ್ತಕರು ಹಳ್ಳಿ ಮನೆಗಳಿಗೆ ಉಣ್ಣೆ ಕೊಟ್ಟು, ನೂಲು, ಬಟ್ಟೆ ಮಾಡಿಸಿ ಒಯ್ಯುತ್ತಿದ್ದರಂತೆ. ಓದುತ್ತಿದ್ದವಳು ತಲೆ ಎತ್ತಿ, "ಅಮ್ಮಾ, ಇದು ನಮ್ಮ ಷಣ್ಮುಖಪ್ಪನ ವ್ಯಾನಿನ ಕಥೇನೇ ಅಲ್ವಾ?" ಅಂದಳು. ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ಹೌದಲ್ಲ ಅನ್ನಿಸಿತು.

ಕಡೂರಿನ ವ್ಯಾಪಾರಿ ಷಣ್ಮುಖಪ್ಪ ನಿಮಗೆ ಗೊತ್ತೇ ಇದೆ. ಅವರ ವ್ಯಾನು ತೆಂಗಿನ ನಾರು ಇಳಿಸಿ ಹೋಗುವುದು, ನಮ್ಮ ಬೀದಿಯ ಹನ್ನೊಂದು ಮನೆಯವರು ಜಗುಲಿಯಲ್ಲಿ ರಾಟೆ ಇಟ್ಟುಕೊಂಡು ಹಗ್ಗ ಹೊಸೆಯುವುದು, ವ್ಯಾನು ಬಂದು ಒಯ್ಯುವುದು. ಈ ಬೇಸಿಗೆಯಲ್ಲಿ ಷಣ್ಮುಖಪ್ಪ ಕಂತೆ ಕಂತೆಯಾಗಿ ಹಗ್ಗವನ್ನು ಬೇಡವೆಂದು ಎಸೆಯತೊಡಗಿದರು. ಪಕ್ಕದ ಮನೆ ಸುಲೋಚನಮ್ಮ ಯಾಕೆ ಎಂದು ಕೇಳಿದ್ದಕ್ಕೆ, "ನಾರು ನಂದು, ಗಿರಾಕಿ ನಂದು. ನಿಮ್ದೇನೈತಮ್ಮಾ ಇದ್ರಲ್ಲಿ?" ಅಂದುಬಿಟ್ಟರು. ಸುಲೋಚನಮ್ಮ ಸುಮ್ಮನಿರುವವರೇ? "ಕೈ ನಮ್ದಲ್ವೇನಣ್ಣಾ?" ಅಂದರು. ಮುಂದಿನ ವಾರ ವ್ಯಾನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ರಾಟೆಗಳೆಲ್ಲ ನಿಂತು ಬೀದಿ ಸೂತಕದ ಮನೆಯ ಹಾಗಾಯಿತು.

ಆಗ ನನಗೆ ಹೊಳೆದದ್ದು ಬಹಳ ಸಣ್ಣ ವಿಷಯ. ನಾರಿಗಾಗಿ ನಾವು ವ್ಯಾನಿನ ದಾರಿ ಕಾಯುತ್ತಿದ್ದೇವೆ, ನಮ್ಮ ತೋಟಗಳ ಕಾಯಿಮಟ್ಟೆಯನ್ನೋ ಬಚ್ಚಲ ಒಲೆಗೆ ಹಾಕುತ್ತಿದ್ದೇವೆ! ಮಟ್ಟೆಯಿಂದ ನಾರು ಬಿಡಿಸಲು ಒಂದು, ಹೊಸೆಯಲು ಒಂದು, ಎರಡು ಮಿಷನ್ ಇದ್ದರೆ ಸಾಕು. ಅತ್ತೆ ಮಾತ್ರ ಒಪ್ಪಲಿಲ್ಲ. "ಮಿಷನ್ ಬಂದ್ರೆ ಕೈಗೆ ಎಲ್ಲಿ ಕೆಲ್ಸ ಇರ್ತದೆ ಕಣೇ? ಹತ್ತು ಜನದ ಅನ್ನ ಅದೊಂದೇ ತಿಂತದೆ" ಎಂದರು. ಅವರ ಭಯ ಸುಳ್ಳಲ್ಲ. ಯಾರನ್ನೂ ಕೆಲಸದಿಂದ ಕೈಬಿಡುವುದಿಲ್ಲ ಎಂದಷ್ಟೇ ಮಾತು ಕೊಟ್ಟೆ. ನಮ್ಮ ಬೀದಿಯ ಮಹಿಳಾ ಸಂಘದ ಹೆಸರಿನಲ್ಲಿ ಸಾಲ ಪಡೆದು ಅರಸೀಕೆರೆಯಿಂದ ಹಳೆಯ ಮಿಷನ್‌ಗಳನ್ನು ತಂದು, ಸುಲೋಚನಮ್ಮನ ಖಾಲಿ ಕೊಬ್ಬರಿ ಶೆಡ್ಡಿನಲ್ಲಿ ನಿಲ್ಲಿಸಿದೆವು.

ಓಡಿದವು ನೋಡಿ! ನಾವೆಲ್ಲ ಸೇರಿ ಇಡೀ ದಿನ ಹೊಸೆಯುತ್ತಿದ್ದಷ್ಟು ಹಗ್ಗ ಮಧ್ಯಾಹ್ನದೊಳಗೇ ಬಂದು ಬಿತ್ತು. ಅರ್ಧ ಜನ ಕೈಕಟ್ಟಿ ಕುಳಿತರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟೊಂದು ಹಗ್ಗ ಹೋಗದಿದ್ದರೆ ಕೊಟ್ಟ ಮಾತೂ ಹೋದಂತೆ. ಮರುದಿನ ಒಂದು ಕಂತೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ತರೀಕೆರೆಗೆ ಹೋದೆ. ಅಲ್ಲಿ ಮೆಣಸಿನ ಬಳ್ಳಿ ಕಟ್ಟಲು ಹಗ್ಗ ಬೇಕೇ ಬೇಕಲ್ಲ. ಪುಟ್ಟಯ್ಯ ಎಂಬ ತೋಟದವರು ಎರಡು ಕೈಯಲ್ಲಿ ಹಿಡಿದು ಜಗ್ಗಿದರು. ಪಟ್ಟೆಂದು ಹರಿಯಿತು. "ಇದು ಹಗ್ಗನೋ ಶಾವಿಗೆನೋ ತಾಯಿ?" ಅಂದರು. ಅಲ್ಲಿದ್ದ ಆಳುಗಳೆಲ್ಲ ನಕ್ಕರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತು ಬಂದೆ.

ಮಿಷನ್ ಬಂದ ಸಡಗರದಲ್ಲಿ ನಾವು ಮಟ್ಟೆಯನ್ನು ಸರಿಯಾಗಿ ನೆನೆಹಾಕಿಯೇ ಇರಲಿಲ್ಲ, ಅದಕ್ಕೇ ಹಗ್ಗ ಹರಿದದ್ದು. ಬೋರ್‌ವೆಲ್ ತೊಟ್ಟಿ ತುಂಬಿಸಿ, ಈ ಸಲ ತಾಳ್ಮೆಯಿಂದ ಕಾದೆವು. ಮತ್ತೆ ಹೊರಟಾಗ ಅತ್ತೆ, "ನಾನೂ ಬತ್ತೀನಿ ನಡಿ, ಅದ್ಯಾರು ನಗ್ತಾರೋ ನೋಡ್ತೀನಿ" ಎಂದು ಸೆರಗು ಬಿಗಿದು ಜೊತೆಗೆ ಬಂದರು. ಪುಟ್ಟಯ್ಯನವರು ಜಗ್ಗಿದರು, ಕಾಲು ಕೊಟ್ಟು ಎಳೆದರು, ಕೊನೆಗೆ ಮರದ ಕೊಂಬೆಗೆ ಕಟ್ಟಿ ತಾವೇ ಜೋತುಬಿದ್ದರು. ಹರಿಯಲಿಲ್ಲ! ಅತ್ತೆ, "ಇಳೀರಪ್ಪಾ, ಹಗ್ಗ ಗಟ್ಟಿಯೈತೆ, ಕೊಂಬೆ ಮುರ್ದೀತು" ಅಂದರು. ಈಗ ತರೀಕೆರೆ ಕಡೆಯ ತೋಟಗಳಿಗೆಲ್ಲ ನಮ್ಮದೇ ಹಗ್ಗ. ಅಜ್ಜಂಪುರದ ಅಂಗಡಿಯವರೂ ಕೇಳಿದ್ದಾರೆ. ಹನ್ನೊಂದು ಮನೆಗೂ ಕೆಲಸವಿದೆ. ಸಾಲದೆ ಇನ್ನೂ ನಾಲ್ವರು ಸೇರಿದ್ದಾರೆ.

ಎಲ್ಲ ಒಳ್ಳೆಯದೇ ಎನ್ನಲಾರೆ. ಮಿಷನ್ ಸದ್ದಿನಲ್ಲಿ ಜಗುಲಿಯ ಹರಟೆ ಹೋಯಿತು. ಕರೆಂಟು ಬಂದಾಗ ಓಡಬೇಕು, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ. ಆದರೂ ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ "ನಮ್ ಸೊಸೆ ಫ್ಯಾಕ್ಟ್ರಿ ಕಣ್ರೀ" ಎಂದು ಹೇಳುವುದನ್ನು ನೀವು ಕೇಳಬೇಕಿತ್ತು. ಇಂಗ್ಲೆಂಡಿನಲ್ಲಿ ಏಕೆ ಶುರುವಾಯಿತೋ ಭವ್ಯ ಬರೆದುಕೊಳ್ಳಲಿ. ನಮ್ಮೂರಿನಲ್ಲಿ ಹೇಗೆ ಶುರುವಾಯಿತೆಂದು ಕೇಳಿದರೆ ನಾನು ಹೇಳಬಲ್ಲೆ.

ಅತ್ತೆಯ ಆಶೀರ್ವಾದ, ಭವ್ಯಳ ಮುತ್ತು ಇದರೊಂದಿಗಿವೆ. ವೇಳೆಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ದೀಪಶ್ರೀ

ತಾ.ಕ.: ಮೊದಲೇ ಬರೆಯಬೇಕಿತ್ತು, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ನಿಮಗೆ ಜೋಧಪುರಕ್ಕೆ ವರ್ಗವಾಗಿದೆ, ಅಲ್ಲಿ ಕುಟುಂಬಕ್ಕೂ ಕ್ವಾರ್ಟರ್ಸ್ ಸಿಗುತ್ತದೆ, ದೀಪಾವಳಿ ಕಳೆದ ಮೇಲೆ ಬಂದುಬಿಡಿ ಎಂದಿದ್ದೀರಿ. ಎಷ್ಟು ವರ್ಷ ಕಾದ ಮಾತು ಅದು! ಆದರೆ ನಾನು ಈಗ ಬರಲಾರೆ ರೀ. ಕೋಪ ಮಾಡಿಕೊಳ್ಳಬೇಡಿ. ರಜೆಗೆ ನೀವೇ ಬನ್ನಿ. ಬಂದವರು ಮನೆಗೆ ಹೋಗಬೇಡಿ, ನೇರ ಶೆಡ್ಡಿಗೆ ಬನ್ನಿ. ಹಗಲೆಲ್ಲ ನಾನು ಅಲ್ಲೇ ಇರುತ್ತೇನೆ. ಕರೆಂಟು ಬಂತು, ಹೊರಟೆ.