ಬಾಯೊಳಗಿನ ದಾರಿ
ಮಿರಜ, ೩-೧೧-೧೯೩೪

ಕುಲಗೋಡದ ಅಣ್ಣನವರಿಗೆ ತಮ್ಮ ಅಪ್ಪಣ್ಣನ ಶರಣಾರ್ಥಿ.

ಮೊಮ್ಮಗಳು ಶಿವಗಂಗವ್ವ ಬದುಕಿದ್ದಾಳೆ. ನಿನ್ನೆ ಗಂಟಲಮಾರಿಯಿಂದ ಉಸಿರು ಕಟ್ಟಿ ಮುಖ ನೀಲಿಯಾಗಿತ್ತು. ಕೊರಳು ಕೊಯ್ಯುತ್ತಾರೆಂದು ನಾನೇ ಅವಳ ಲಿಂಗ ಬಿಚ್ಚಲು ಹೋದೆ.

"ಲಿಂಗ ಇರ್ಲಿ ಬಿಡ್ರಿ ಅಜ್ಜಾರ, ನನಗ ಬಾಯಿ ಸಾಕು," ಎಂದರು ಇಲ್ಲಿಯ ಆಸ್ಪತ್ರೆಯ ಡಾಕ್ಟರು.

ಮಗುವನ್ನು ಚಾದರದಲ್ಲಿ ಸುತ್ತಿ, ನಾಲಗೆಯ ಹಿಂದೆ ಬೆರಳಿಟ್ಟು, ಕಣ್ಣಿಗೆ ಏನೂ ಕಾಣದಿದ್ದರೂ ಬೆರಳಿನ ಗುರುತಿನ ಮೇಲೆಯೇ ಸಣ್ಣ ನಳಿಕೆಯೊಂದನ್ನು ಉಸಿರಿನ ದಾರಿಗೆ ಇಳಿಸಿದರು. ಅದಕ್ಕೆ ವಿಂಡ್‌ಪೈಪೋ ಏನೋ ಎನ್ನುತ್ತಾರೆ, ನಾನು ಕಾಲೇಜಿನಲ್ಲಿ ಓದಿದ್ದು ಅರ್ಧ ಮರೆತಿದೆ. ಒಮ್ಮೆ ತಪ್ಪಿತು; ನಳಿಕೆಗೆ ಕಟ್ಟಿದ್ದ ನೂಲು ಹಿಡಿದು ಹೊರಗೆಳೆದು ಮತ್ತೆ ಇಳಿಸಿದರು. ಸುಯ್ಯೆಂದು ಉಸಿರು ಬಂತು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು, ಅಷ್ಟೇ.

ಹೋದ ವರ್ಷ ನನ್ನ ಹೆಂಡತಿ ಗೌರವ್ವನಿಗೂ ಇದೇ ಬೇನೆ. ಕೊರಳು ಕೊಯ್ದು ಉಸಿರಿಗೆ ದಾರಿ ಮಾಡುವೆನೆಂದು ಗೋಕಾಕದ ಡಾಕ್ಟರು ಹೇಳಿದಾಗ, "ಲಿಂಗ ಕಟ್ಟಿದ ಕೊರಳಿಗೆ ಚಾಕು ಹಚ್ಚಾಕ ಬಿಡಂಗಿಲ್ಲ" ಎಂದವರು ನೀವು. ಹೂಂ ಎಂದವನು ನಾನು. ಬೇರೆ ದಾರಿ ಇದೆಯೇ ಎಂದು ಇಬ್ಬರೂ ಕೇಳಲಿಲ್ಲ.

ನಳಿಕೆ ಇರುವ ತನಕ ಮಗುವಿಗೆ ಗಟ್ಟಿ ಗಂಜಿ ಮಾತ್ರ, ನೀರು ಕೊಟ್ಟರೆ ಕೆಮ್ಮುತ್ತಾಳೆ. ನೀವು ನೋಡಲು ಬರಬೇಡಿರಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಂದು ನಾವು ಲಿಂಗ ಉಳಿಸಿದೆವು ಅಣ್ಣಾ. ಮರುದಿನ ಅದನ್ನು ಗೌರವ್ವನ ಕೈಯಲ್ಲಿಟ್ಟು ಮಣ್ಣು ಮುಚ್ಚಿದೆವು.