ಹಿತ್ತಲ ಮರದ ಹಲಗೆ

ತಮ್ಮಾ,

ನೀನು ಕಣ್ಣಿಟ್ಟು ಕೇಳಿದ್ದ, ನಾನು ಕೊಡದೇ ಉಳಿಸಿಕೊಂಡಿದ್ದ ಹಿತ್ತಲ ಮರ ಮೊನ್ನೆ ಗಾಳಿಗೆ ಬಿತ್ತು. ಮಿಲ್ಲಿಗೆ ಸಾಗಿಸುವುದು ದುಬಾರಿ. ನಿನ್ನ ಮಗಳ ಮೇಜಿಗೆ ಬೇಕಾದ ಹಲಗೆಯನ್ನು ಮನೆಯಲ್ಲೇ ಕೊಯ್ಯೋಣವೆಂದು, ನೀನು ತೀರಿಕೊಂಡ ಮೇಲೆ ಮೂಲೆ ಸೇರಿದ್ದ ನಿನ್ನ ಚೈನ್‌ಸಾ ಹೊರತೆಗೆದೆ. ದಿಮ್ಮಿಯ ಮೇಲೆ ಏಣಿ ಬಿಗಿದು, ಅದರ ಗುಂಟ ಗರಗಸ ಜಾರಿಸಿದೆ. ಏಣಿ ಅಲುಗಿದರೆ ಹಲಗೆ ಸೊಟ್ಟ; ಮೇಜಿಗಾಗುವಷ್ಟು ದಪ್ಪದ ದಿಮ್ಮಿ ಇದ್ದದ್ದು ಒಂದೇ.

"ಮರ ಕೊಯ್ಯೋದೇನು ಬೆಣ್ಣೆ ಕೊಯ್ದ ಹಾಗಾ? ಏಣಿಯೂ ಹಾಳಾಗುತ್ತೆ, ಇನ್ನು ಅಟ್ಟಕ್ಕೆ ನಿಮ್ಮ ಹೆಗಲ ಮೇಲೇ ಹತ್ತಬೇಕು ನಾನು!" ಎಂದಳು ನಿನ್ನ ಅತ್ತಿಗೆ.

ಹಲಗೆ ನಿಂತ ನೀರಿನಷ್ಟು ಸಮವಾಗಿ ಬಂತು ಕಣೋ. ನನಗೇ ಹೆಮ್ಮೆ.

ನಿನ್ನ ಮಗಳು ಅದನ್ನು ಸವರುತ್ತಾ ಕೇಳಿದಳು: "ಅಪ್ಪ ಬಡಗಿ ಆಗಿದ್ದೂ ಈ ಮರ ಯಾವತ್ತೂ ಕೇಳ್ಲಿಲ್ವಾ ದೊಡ್ಡಪ್ಪಾ?"

ನಾನು ಗರಗಸಕ್ಕೆ ಎಣ್ಣೆ ಬಿಡುತ್ತಾ ಕೂತೆ. ಆಮೇಲೆ, "ಇದೊಂದೇ ಅಲ್ಲ ಮಗಳೇ, ಪೂರ್ತಿ ಮರ ನಿಂದೇ" ಎಂದೆ.